ತೆನೆರ್ ಎಲ್ಲಿ ತಪ್ಪುತ್ತದೆ: ಸ್ಪ್ಯಾನಿಷ್ ಕಲಿಯುವ ಕನ್ನಡಿಗರಿಗೆ ದೋಷ ನಿವಾರಣೆ ಕೈಪಿಡಿ

ಸ್ಪ್ಯಾನಿಷ್‌ನಲ್ಲಿ ‘ತೆನೆರ್’, ಅಂದರೆ ‘ಹೊಂದಿರು’ ಅನ್ನುವ ಕ್ರಿಯಾಪದ, ಇಲ್ಲದೆ ಒಂದು ದಿನವೂ ಸಾಗುವುದಿಲ್ಲ. ವಯಸ್ಸು ಹೇಳಲು ಅದು ಬೇಕು. ಹಸಿವು, ಬಾಯಾರಿಕೆ, ನಿದ್ದೆ, ಜ್ವರ, ಭಯ, ಅವಸರ ಹೇಳಲು ಅದು ಬೇಕು. ಅಣ್ಣ ಇದ್ದಾನೆ, ದುಡ್ಡಿಲ್ಲ, ನಾಳೆ ಬೇಗ ಏಳಬೇಕು ಅನ್ನಲೂ ಅದೇ ಬೇಕು. ಹಾಗಾಗಿ ಮೊದಮೊದಲ ಪಾಠಗಳಲ್ಲೇ ಅದರ ಕೋಷ್ಟಕ ಬಂದುಬಿಡುತ್ತದೆ. ಕಲಿಯುವವರು ಉರು ಹೊಡೆಯುತ್ತಾರೆ. ಕಾಗದದ ಮೇಲೆ ಸರಿಯಾಗಿ ಬರೆಯುತ್ತಾರೆ. ಮಾತಾಡಲು ಬಾಯಿ ತೆರೆದಾಗ ಮಾತ್ರ ತಪ್ಪುತ್ತದೆ.

ಆಗ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಇನ್ನೊಮ್ಮೆ ಬಾಯಿಪಾಠ ಮಾಡಿ. ಇದು ಸಾಲದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕನ್ನಡ ಮಾತಾಡುವವರ ತೆನೆರ್ ತಪ್ಪುಗಳಲ್ಲಿ ಬಹಳಷ್ಟು ನೆನಪಿನ ತಪ್ಪುಗಳಲ್ಲ. ಅವು ನಮ್ಮ ‘ಇದೆ’, ‘ಬೇಕು’, ‘ಇಲ್ಲ’ ಎಂಬ ಮೂರು ಮಾತುಗಳಿಂದ ಹುಟ್ಟುತ್ತವೆ. ಎಲ್ಲಿ ಹುಟ್ಟಿತು ಅಂತ ತಿಳಿಯದೆ ಕೋಷ್ಟಕ ಎಷ್ಟು ಸಲ ಓದಿದರೂ ಅದೇ ತಪ್ಪು ಮರಳಿ ಬರುತ್ತದೆ.

ಬರಹದ ಬಗ್ಗೆ ಒಂದು ಮಾತು. ಸ್ಪ್ಯಾನಿಷ್‌ನಲ್ಲಿ ‘ಬ’ಗೆ ಎರಡು ಅಕ್ಷರಗಳಿವೆ, ಉಚ್ಚಾರಣೆ ಒಂದೇ. ಹಾಗಾಗಿ ಇಲ್ಲಿ ಎರಡಕ್ಕೂ ‘ಬ’ ಬರೆದಿದ್ದೇನೆ. ‘ತ’ ನಮ್ಮ ‘ತಂದೆ’ಯ ತ, ಇಂಗ್ಲಿಷ್‌ನ ‘ಟ’ ಅಲ್ಲ.

ಮೊದಲು ತಪ್ಪಿನ ಜಾಗ ಹುಡುಕಿ

ಈ ಮೂರು ವಾಕ್ಯಗಳನ್ನು ಬರೆದುಕೊಳ್ಳದೆ ಸ್ಪ್ಯಾನಿಷ್‌ನಲ್ಲಿ ಹೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ: ನನಗೆ ಒಬ್ಬ ಅಣ್ಣ ಇದ್ದಾನೆ. ನಾವು ಕೆಲಸ ಮಾಡಬೇಕು. ನಿನ್ನೆ ನಾನು ಆಸ್ಪತ್ರೆಗೆ ಹೋಗಬೇಕಾಯ್ತು.

ಸರಿಯುತ್ತರ ಹೀಗಿದೆ. ‘ತೆಂಗೊ ಉನ್ ಎರ್ಮನೊ ಮಯೊರ್.’ ‘ತೆನೆಮೊಸ್ ಕೆ ತ್ರಬಹರ್.’ ‘ಅಯೆರ್ ತುಬೆ ಕೆ ಇರ್ ಅಲ್ ಒಸ್ಪಿತಲ್.’

ಈಗ ನಿಮ್ಮ ರೆಕಾರ್ಡಿಂಗ್ ಕೇಳಿ. ನೀವು ಹೇಳಿದ ರೂಪ ಭಾಷೆಯಲ್ಲಿ ಇದೆ, ಆದರೆ ಬೇರೆಯವರಿಗೆ ಸೇರಿದ್ದು ಅಂತಾದರೆ, ಅಂದರೆ ‘ತೆಂಗೊ’ ಬದಲು ‘ತಿಯೆನೆ’ ಅಂದಿದ್ದರೆ, ತಪ್ಪು ಒಡೆಯನದ್ದು. ‘ತಿಯೆನೆಮೊಸ್’, ‘ತೆನಿ’ ಅಂತ ಇಲ್ಲದ ರೂಪವನ್ನೇ ಕಟ್ಟಿದ್ದರೆ ತಪ್ಪು ಧಾತುವಿನದ್ದು. ರೂಪವೂ ಸರಿ, ಆಳೂ ಸರಿ, ಆದರೆ ‘ತುಬೆ’ ಅನ್ನುವ ಕಡೆ ‘ತೆನಿಯ’ ಬಂದಿದ್ದರೆ ತಪ್ಪು ಕಾಲದ್ದು. ಮೂರಕ್ಕೂ ಪರಿಹಾರ ಬೇರೆ ಬೇರೆ. ಒಂದರ ಪರಿಹಾರ ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ.

ಲಕ್ಷಣ: ಎಲ್ಲರಿಗೂ ‘ತಿಯೆನೆ’ ಬರುತ್ತದೆ

ಇದು ಅತಿ ಹೆಚ್ಚು ಕಾಣುವ ದೋಷ. ಕಾರಣ ನಮ್ಮ ವಾಕ್ಯದ ಕಟ್ಟಡದಲ್ಲೇ ಇದೆ. ‘ನನಗೆ ಅಣ್ಣ ಇದ್ದಾನೆ’ ಅನ್ನುವಾಗ ಕ್ರಿಯಾಪದ ಹೊಂದಿಕೊಳ್ಳುವುದು ಅಣ್ಣನಿಗೆ. ‘ನನಗೆ ಅಕ್ಕ ಇದ್ದಾಳೆ’, ‘ನನಗೆ ಜ್ವರ ಇದೆ’. ನಾನು ಅನ್ನುವವನು ‘ಗೆ’ ಹಚ್ಚಿಕೊಂಡು ಪಕ್ಕಕ್ಕೆ ನಿಂತಿರುತ್ತಾನೆ. ಸ್ಪ್ಯಾನಿಷ್‌ನಲ್ಲಿ ಇದು ತಿರುಗಾಮುರುಗಾ. ಯಾರ ಬಳಿ ಇದೆಯೋ ಅವರಿಗೇ ಕ್ರಿಯಾಪದ ಹೊಂದಬೇಕು. ಅಣ್ಣ, ಅಕ್ಕ, ಜ್ವರ ಯಾವುದೇ ಇರಲಿ, ನನ್ನದಾದರೆ ‘ತೆಂಗೊ’.

ಸರಿಪಡಿಸುವ ದಾರಿ ಸುಲಭ. ಕನ್ನಡ ವಾಕ್ಯದಲ್ಲಿ ‘ಗೆ’ ಅಥವಾ ‘ಹತ್ತಿರ’ ಯಾರಿಗೆ ಅಂಟಿದೆ ನೋಡಿ. ನನಗೆ ಜ್ವರ, ಅವಳಿಗೆ ಜ್ವರ, ಅವನ ಹತ್ತಿರ ದುಡ್ಡು. ಆ ಆಳನ್ನು ಹಿಡಿದು ಸ್ಪ್ಯಾನಿಷ್ ಕ್ರಿಯಾಪದ ಕಟ್ಟಿ. ನನಗೆ ಅಂದರೆ ತೆಂಗೊ, ನಿನಗೆ ಅಂದರೆ ತಿಯೆನೆಸ್, ಅವನಿಗೆ ಅಥವಾ ಅವಳಿಗೆ ಅಂದರೆ ತಿಯೆನೆ, ನಮಗೆ ಅಂದರೆ ತೆನೆಮೊಸ್, ಅವರಿಗೆ ಅಂದರೆ ತಿಯೆನೆನ್. ಕೋಷ್ಟಕವನ್ನು ‘ನಾನು, ನೀನು, ಅವನು’ ಅಂತ ಓದುವ ಬದಲು ‘ನನಗೆ, ನಿನಗೆ, ಅವನಿಗೆ’ ಅಂತ ಓದಿ ಅಭ್ಯಾಸ ಮಾಡಿ. ಇಷ್ಟು ಬದಲಾವಣೆ ಮಾಡಿದರೆ ದೊಡ್ಡ ವ್ಯತ್ಯಾಸ ಕಾಣುತ್ತದೆ.

ಒಂದು ಎಚ್ಚರಿಕೆ ಇದೆ. ‘ನನಗೆ ಇಷ್ಟ’ ಅನ್ನುವುದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಮೆ ಗುಸ್ತ’. ಅಲ್ಲಿ ‘ಮೆ’ ಅಂದರೆ ನನಗೆ, ಕ್ರಿಯಾಪದ ಹೊಂದುವುದು ಇಷ್ಟವಾದ ವಸ್ತುವಿಗೆ. ಅದು ಥೇಟ್ ಕನ್ನಡದ ಹಾಗೇ ಇದೆ. ‘ನನಗೆ ತಲೆ ನೋಯುತ್ತಿದೆ’ ಅನ್ನಲು ‘ಮೆ ದುವೆಲೆ ಲ ಕಬೆಸ’, ಅದೂ ನಮ್ಮ ಕಟ್ಟಡವೇ. ಇವು ನಮಗೆ ಬೇಗ ಒಲಿಯುತ್ತವೆ. ಒಲಿದ ಮೇಲೆ ಅದೇ ‘ಮೆ’ ತಂದು ‘ಮೆ ತಿಯೆನೆ ಅಂಬ್ರೆ’ ಅನ್ನುವವರು ಜಾಸ್ತಿ. ತೆನೆರ್ ಜೊತೆ ಈ ‘ಮೆ’ ಬೇಡ. ಹಸಿವು ನಿಮ್ಮದು, ಆದ್ದರಿಂದ ‘ತೆಂಗೊ ಅಂಬ್ರೆ’.

‘ಬೇಕು’ ಮತ್ತು ‘ಇಲ್ಲ’ ಮಾಡುವ ಕಿತಾಪತಿಯೂ ಇದೇ ಜಾತಿಯದ್ದು. ನಾನು ಹೋಗಬೇಕು, ನೀನು ಹೋಗಬೇಕು, ಅವರು ಹೋಗಬೇಕು: ‘ಬೇಕು’ ಕದಲುವುದೇ ಇಲ್ಲ. ನನಗಿಲ್ಲ, ನಿನಗಿಲ್ಲ, ಅವರಿಗಿಲ್ಲ: ‘ಇಲ್ಲ’ ಕೂಡ ಹಾಗೇ. ಕನ್ನಡದ ಬೇರೆ ಬಹುತೇಕ ಕ್ರಿಯಾಪದಗಳು ಆಳಿಗೆ ತಕ್ಕಂತೆ ಬದಲಾಗುತ್ತವೆ, ಬರ್ತೀನಿ, ಬರ್ತೀಯ, ಬರ್ತಾನೆ ಅಂತ. ಆ ಅಭ್ಯಾಸ ಇರುವುದರಿಂದ ಸ್ಪ್ಯಾನಿಷ್‌ನ ಪ್ರತ್ಯಯಗಳು ನಮಗೆ ಹೊಸದೇನಲ್ಲ. ‘ಯೊ’ (ನಾನು) ಅಂತ ಪ್ರತಿ ಸಲ ಹೇಳದೆ ಬರೀ ‘ತೆಂಗೊ’ ಅನ್ನುವುದೂ ನಮಗೆ ಸಹಜವೇ. ಆದರೆ ತೆನೆರ್ ಬೇಕಾಗುವ ಜಾಗದಲ್ಲೆಲ್ಲ ಕನ್ನಡದಲ್ಲಿ ಈ ಕದಲದ ಮಾತುಗಳೇ ಕೂತಿವೆ. ಹಾಗಾಗಿ ಸ್ಪ್ಯಾನಿಷ್‌ನಲ್ಲೂ ಒಂದೇ ರೂಪ ಹೆಪ್ಪುಗಟ್ಟುತ್ತದೆ. ‘ಬೇಕು’ ಬಂದಾಗಲೂ ‘ಇಲ್ಲ’ ಬಂದಾಗಲೂ ಒಂದು ಕ್ಷಣ ನಿಂತು ‘ಯಾರಿಗೆ?’ ಅಂತ ಕೇಳಿಕೊಳ್ಳಿ. ನನಗೆ ಸಮಯವಿಲ್ಲ: ‘ನೊ ತೆಂಗೊ ತಿಯೆಂಪೊ’. ನಮಗೆ ಸಮಯವಿಲ್ಲ: ‘ನೊ ತೆನೆಮೊಸ್ ತಿಯೆಂಪೊ’.

‘ಬೇಕು’ ವಾಕ್ಯದಲ್ಲಿ ‘ಕೆ’ ಬಿಟ್ಟುಹೋಗಿದೆಯಾ ಅಂತಲೂ ನೋಡಿ. ‘ತೆಂಗೊ ಇರ್’ ತಪ್ಪು, ‘ತೆಂಗೊ ಕೆ ಇರ್’ ಸರಿ.

ಲಕ್ಷಣ: ಗೌರವ ಕೊಡಲು ಹೋಗಿ ಬಹುವಚನ ಬರುತ್ತದೆ

‘ಮಿ ಪದ್ರೆ ತಿಯೆನೆನ್ ಸೆಸೆಂತ ಅನ್ಯೊಸ್.’ ಅಪ್ಪನಿಗೆ 60 ವರ್ಷ ಅನ್ನಲು ಹೊರಟ ವಾಕ್ಯ ಇದು. ಕನ್ನಡದಲ್ಲಿ ಅಪ್ಪ ಬಂದರು, ಅಮ್ಮ ಹೇಳಿದರು, ಮೇಷ್ಟ್ರು ಹೋದರು. ಒಬ್ಬರೇ ಆದರೂ ಬಹುವಚನ. ಮನಸ್ಸು ಒಪ್ಪದೆ ಅಪ್ಪನಿಗೆ ‘ತಿಯೆನೆನ್’ ಬಂದುಬಿಡುತ್ತದೆ. ಸ್ಪ್ಯಾನಿಷ್‌ನಲ್ಲಿ ಅಪ್ಪ ಒಬ್ಬರೇ, ಆದ್ದರಿಂದ ‘ತಿಯೆನೆ’. ಅದರಲ್ಲಿ ಅಗೌರವ ಏನೂ ಇಲ್ಲ.

ಎದುರಿಗಿರುವ ಹಿರಿಯರನ್ನು ‘ನೀವು’ ಅನ್ನಲು ‘ಉಸ್ತೆದ್’ ಇದೆ. ಅದಕ್ಕೆ ‘ನೀನು’ ರೂಪವಾದ ‘ತಿಯೆನೆಸ್’ ಹಚ್ಚಬಾರದು. ‘ಉಸ್ತೆದ್ ತಿಯೆನೆ’, ಅಂದರೆ ಅವನು, ಅವಳು ಅನ್ನುವುದರ ರೂಪವೇ. ಹಲವರಿದ್ದರೆ ‘ಉಸ್ತೆದೆಸ್ ತಿಯೆನೆನ್’. ಸ್ಪೇನಿನಲ್ಲಿ ಗೆಳೆಯರ ಗುಂಪಿಗೆ ಬೇರೆ ರೂಪವಿದೆ: ‘ಬೊಸೊತ್ರೊಸ್ ತೆನೆಯಿಸ್’. ಲ್ಯಾಟಿನ್ ಅಮೆರಿಕದಲ್ಲಿ ಅದನ್ನು ಬಳಸುವುದಿಲ್ಲ, ಗೆಳೆಯರಿಗೂ ‘ಉಸ್ತೆದೆಸ್’ ಸಾಕು.

ಲಕ್ಷಣ: ‘ತಿಯೆನೆಮೊಸ್’ ಅಂತ ಇಲ್ಲದ ರೂಪ ಬರುತ್ತದೆ

ಇದು ಧಾತುವಿನ ದೋಷ. ಇದಕ್ಕೆ ಕಿವಿ ಪಳಗಬೇಕು.

ಸ್ಪ್ಯಾನಿಷ್ ಪದದಲ್ಲಿ ಯಾವುದೋ ಒಂದು ಜಾಗದಲ್ಲಿ ದನಿಯ ಒತ್ತು ಬೀಳುತ್ತದೆ. ಲ್ಯಾಟಿನ್‌ನ ಹ್ರಸ್ವ ‘ಎ’ ಮೇಲೆ ಒತ್ತು ಬಿದ್ದಾಗ ಅದು ಸ್ಪ್ಯಾನಿಷ್‌ನಲ್ಲಿ ‘ಇಯೆ’ ಆಗಿ ಒಡೆಯಿತು. ಒತ್ತು ಬೀಳದ ಕಡೆ ‘ಎ’ ಹಾಗೇ ಉಳಿಯಿತು. ‘ತಿಯೆನೆಸ್, ತಿಯೆನೆ, ತಿಯೆನೆನ್’ ಮೂರರಲ್ಲೂ ಒತ್ತು ಧಾತುವಿನ ಮೇಲಿದೆ. ‘ತೆನೆಮೊಸ್’ನಲ್ಲಿ ಒತ್ತು ನಡುವಿನ ‘ನೆ’ ಮೇಲೆ. ಧಾತು ಒತ್ತು ಕಳೆದುಕೊಂಡಿತು, ‘ತೆ’ ಆಗಿಯೇ ಉಳಿಯಿತು. ‘ತೆನೆಯಿಸ್’ ಕೂಡ ಹಾಗೇ.

ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ ಮತ್ತು ಮಧ್ಯ ಅಮೆರಿಕದ ಹಲವು ಕಡೆ ‘ನೀನು’ ಅನ್ನಲು ‘ತು’ ಬದಲು ‘ಬೊಸ್’ ಬಳಸುತ್ತಾರೆ. ಅಲ್ಲಿಯ ರೂಪ ‘ತೆನೆಸ್’. ಒತ್ತು ಕೊನೆಯ ‘ನೆಸ್’ ಮೇಲೆ, ಆದ್ದರಿಂದ ಅಲ್ಲಿಯೂ ‘ಇಯೆ’ ಇಲ್ಲ. ಅದೇ ‘ನೀನು’, ಒತ್ತು ಸರಿದದ್ದಕ್ಕೆ ಧಾತು ಬದಲಾಯಿತು. ಈ ಒಂದು ಜೋಡಿ ಅರ್ಥವಾದರೆ ಬಾಯಿಪಾಠದ ಭಾರ ಅರ್ಧ ಇಳಿಯುತ್ತದೆ.

ಕನ್ನಡದಲ್ಲಿ ಒತ್ತಿನಿಂದ ಪದದ ಅರ್ಥ ಬದಲಾಗುವುದಿಲ್ಲ. ನಮ್ಮಲ್ಲಿ ಅರ್ಥ ಬದಲಿಸುವುದು ಹ್ರಸ್ವ ದೀರ್ಘ: ಕರೆ, ಕಾರೆ. ಹಾಗಾಗಿ ಕಿವಿ ಒತ್ತನ್ನು ಹುಡುಕುವುದೇ ಇಲ್ಲ. ಬೆರಳಿನಿಂದ ಮೇಜು ತಟ್ಟುತ್ತಾ ಹೇಳಿ, ಒತ್ತಿನ ಜಾಗದಲ್ಲಿ ಮಾತ್ರ ತಟ್ಟಿ. ಒತ್ತು ಅಂದರೆ ದೀರ್ಘ ಅಂದುಕೊಂಡು ‘ತೆನೇಏಮೊಸ್’ ಅಂತ ಎಳೆಯಬೇಡಿ. ದನಿ ಸ್ವಲ್ಪ ಏರಿ ಗಟ್ಟಿಯಾದರೆ ಸಾಕು.

ಒತ್ತು ತಪ್ಪಿದರೆ ಅರ್ಥವೇ ಬದಲಾಗುವ ಉದಾಹರಣೆಯೂ ಈ ಕ್ರಿಯಾಪದದಲ್ಲೇ ಇದೆ. ‘ತೆನಿಯ’ದ ನಡುವಿನ ‘ನಿ’ ಮೇಲೆ ಒತ್ತು ಬಿದ್ದರೆ ‘ಇತ್ತು’ ಅಂತ ಅರ್ಥ. ಬರೆಯುವಾಗ ಅಲ್ಲಿ ಸ್ವರದ ಮೇಲೆ ಒತ್ತು ತೋರಿಸುವ ಗೀಟು ಹಾಕಲೇಬೇಕು. ಗೀಟಿಲ್ಲದೆ, ಮೊದಲ ‘ತೆ’ ಮೇಲೆ ಒತ್ತು ಹಾಕಿ ‘ತೆನ್ಯ’ ಅಂದರೆ ಲಾಡಿಹುಳು.

‘ತೆನಿಯೆಂದೊ’ ರೂಪದಲ್ಲಿ ‘ಇಯೆ’ ಕಾಣುತ್ತದಲ್ವಾ? ಅದು ಪ್ರತ್ಯಯದ್ದು, ಧಾತುವಿನದ್ದಲ್ಲ. ‘ಬೆನಿರ್’ ಅಂದರೆ ಬರುವುದು. ಅದರ ಇದೇ ರೂಪ ‘ಬಿನಿಯೆಂದೊ’. ಅದನ್ನು ನೋಡಿ ‘ತಿನಿಯೆಂದೊ’ ಮಾಡಬೇಡಿ. ಧಾತುವಿನ ‘ಎ’ ಈ ರೀತಿ ‘ಇ’ ಆಗುವುದು ‘ಇರ್’ನಲ್ಲಿ ಮುಗಿಯುವ ಕೆಲವು ಕ್ರಿಯಾಪದಗಳಲ್ಲಿ. ತೆನೆರ್ ಆ ಗುಂಪಿನದ್ದಲ್ಲ.

ಲಕ್ಷಣ: ‘ತಿಯೆನೊ’, ‘ತೆನೆರೆ’, ‘ತೆನಿ’

ಮೂರೂ ಒಂದೇ ಬಗೆಯ ತಪ್ಪು. ಸಾಮಾನ್ಯ ನಿಯಮವನ್ನು ತೆನೆರ್ ಮೇಲೆ ಹೇರಿದ್ದಾರೆ. ಸ್ಪ್ಯಾನಿಷ್ ಮನೆಮಾತಿನ ಮಕ್ಕಳೂ ಇದೇ ದಾರಿಯಲ್ಲಿ ಹೋಗುತ್ತಾರೆ. ‘ನನಗೆ ಗೊತ್ತು’ ಅನ್ನಲು ‘ಸೆ’ ಅನ್ನಬೇಕಾದ ಕಡೆ ‘ಸಬೊ’ ಅನ್ನುವುದು ಪುಟ್ಟ ಮಕ್ಕಳಲ್ಲಿ ಮಾಮೂಲು.

‘ತೆಂಗೊ’ ನೆನಪಿಡಲು ನಮಗೆ ‘ತೆಂಗು’ ಇದೆ, ಬೇರೇನೂ ಬೇಡ. ಈ ‘ಗ’ ಒಬ್ಬಂಟಿಯಲ್ಲ: ‘ಬೆಂಗೊ’ ಬರುತ್ತೇನೆ, ‘ಪೊಂಗೊ’ ಇಡುತ್ತೇನೆ, ‘ಸಲ್ಗೊ’ ಹೊರಡುತ್ತೇನೆ. ‘ತೆಂಗೊ’ ಸಿಕ್ಕಿದರೆ ಆಸೆ, ಹಾರೈಕೆ, ಸಂದೇಹ ಹೇಳುವ ರೂಪಗಳೂ ಸಿಕ್ಕವು: ‘ತೆಂಗ, ತೆಂಗಸ್, ತೆಂಗ, ತೆಂಗಮೊಸ್, ತೆಂಗನ್’. ಇವುಗಳಲ್ಲಿ ಎಲ್ಲಿಯೂ ‘ತಿಯೆ’ ಬರುವುದಿಲ್ಲ. ಕನ್ನಡದಲ್ಲಿ ‘ಇರಲಿ’, ‘ಆಗಲಿ’ ಅನ್ನುವ ಕಡೆ ಈ ರೂಪ ನೆನಪಾಗಬೇಕು. ‘ನಿನ್ನ ದಿನ ಚೆನ್ನಾಗಿರಲಿ’ ಅನ್ನಲು ‘ಕೆ ತೆಂಗಸ್ ಉನ್ ಬುವೆನ್ ದಿಯ’. ಅಲ್ಲಿ ‘ತಿಯೆನೆಸ್’ ಅಂದರೆ ಹಾರೈಕೆ ಕೆಡುತ್ತದೆ.

ಭವಿಷ್ಯದಲ್ಲಿ ‘ತೆನೆರೆ’ ಅಲ್ಲ, ‘ತೆಂದ್ರೆ’. ಒತ್ತು ಕೊನೆಗೆ. ಮೊದಲು ನಡುವಿನ ಸ್ವರ ಬಿದ್ದುಹೋಯಿತು. ‘ನ್’ ಮತ್ತು ‘ರ್’ ನೇರವಾಗಿ ಡಿಕ್ಕಿಯಾದಾಗ ನಡುವೆ ‘ದ್’ ಹುಟ್ಟಿಕೊಂಡಿತು. ನೀವೇ ‘ತೆನ್‌ರೆ’ ಅಂತ ಬೇಗ ಬೇಗ ಹೇಳಿ ನೋಡಿ, ನಾಲಿಗೆ ತಾನಾಗಿಯೇ ‘ದ್’ ಸೇರಿಸುತ್ತದೆ. ‘ಬೆಂದ್ರೆ’, ‘ಪೊಂದ್ರೆ’, ‘ಸಲ್ದ್ರೆ’ ಕೂಡ ಹೀಗೇ ಆದವು. ‘ತೆಂದ್ರಿಯ’, ಅಂದರೆ ಇರುತ್ತಿತ್ತು ಅನ್ನುವ ರೂಪ, ಇದೇ ಧಾತುವಿನಿಂದ.

ಈ ಭವಿಷ್ಯ ರೂಪಕ್ಕೆ ಊಹೆಯ ಅರ್ಥವೂ ಇದೆ. ‘ತೆಂದ್ರ ಕುವರೆಂತ ಅನ್ಯೊಸ್’ ಅಂದರೆ ಅವನಿಗೆ 40 ವರ್ಷ ಇದ್ದೀತು. ನಮ್ಮ ‘ಇದ್ದೀತು’ ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ.

ಭೂತಕಾಲದ ‘ತುಬೆ’ ಜಾಸ್ತಿ ಕಾಡುವ ರೂಪ. ಲ್ಯಾಟಿನ್‌ನಲ್ಲಿ ಇದು ‘ತೆನುಯಿ’ ಇತ್ತು. ಹಳೆಯ ಸ್ಪ್ಯಾನಿಷ್‌ನಲ್ಲಿ ‘ಅಬೆರ್’ ಕ್ರಿಯಾಪದದ ‘ಒಬೆ’ಯನ್ನು ನೋಡಿ ‘ತೊಬೆ’ ಆಯಿತು, ಆಮೇಲೆ ‘ತುಬೆ’. ಹಾಗಾಗಿ ಮೂಲರೂಪದಲ್ಲಿ ಎಷ್ಟು ಹುಡುಕಿದರೂ ಈ ‘ಉಬ್’ ಸಿಗುವುದಿಲ್ಲ. ಜೊತೆಗಾರರ ಸಂಗಡ ಕಲಿಯುವುದು ಒಳ್ಳೆಯದು: ‘ತುಬೆ’, ‘ಎಸ್ತುಬೆ’ ಇದ್ದೆ, ‘ಅಂದುಬೆ’ ನಡೆದೆ. ಇದರಲ್ಲಿ ‘ಅಂದುಬೆ’ಯನ್ನು ಸ್ಪ್ಯಾನಿಷ್ ಮನೆಮಾತಿನವರೇ ಎಷ್ಟೋ ಸಲ ‘ಅಂದೆ’ ಅಂದುಬಿಡುತ್ತಾರೆ.

ಪೂರ್ತಿ ಸಾಲು: ತುಬೆ, ತುಬಿಸ್ತೆ, ತುಬೊ, ತುಬಿಮೊಸ್, ತುಬಿಸ್ತೆಯಿಸ್, ತುಬಿಯೆರೊನ್. ‘ತುಬೆ’ ಮತ್ತು ‘ತುಬೊ’ ಎರಡರಲ್ಲೂ ಒತ್ತು ಮೊದಲ ‘ತು’ ಮೇಲೆ. ‘ಕೊಮಿ’, ‘ಕೊಮಿಯೊ’ ತರಹದ ಸಾಮಾನ್ಯ ರೂಪಗಳಲ್ಲಿ ಒತ್ತು ಕೊನೆಗೆ, ಗೀಟೂ ಇದೆ. ಆ ಗುಂಗಿನಲ್ಲಿ ‘ತುಬೊ’ದ ಕೊನೆಗೆ ಒತ್ತು ಹಾಕಬೇಡಿ, ಗೀಟೂ ಬೇಡ. ‘ಬ’ಗೆ ಯಾವ ಅಕ್ಷರ ಅನ್ನುವುದೂ ಇಲ್ಲಿ ಮುಖ್ಯ. ಅಕ್ಷರ ಅದಲುಬದಲಾದರೆ ‘ತುಬೊ’ ಅಂದರೆ ಕೊಳವೆ.

ಲಕ್ಷಣ: ‘ತುಬೆ’ಯೋ ‘ತೆನಿಯ’ವೋ ಗೊತ್ತಾಗುವುದಿಲ್ಲ

ಇಂಗ್ಲಿಷ್ ಮೂಲಕ ಕಲಿತವರಿಗೆ ಇದು ದೊಡ್ಡ ತಲೆನೋವು. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ರೂಪ ಇರುವುದರಿಂದ ಪುಸ್ತಕಗಳು ‘ಮುಗಿದ ಕ್ರಿಯೆ, ಮುಂದುವರಿದ ಸ್ಥಿತಿ’ ಅಂತ ಪುಟಗಟ್ಟಲೆ ವಿವರಿಸುತ್ತವೆ. ಕನ್ನಡಿಗರು ಆ ಸುತ್ತುದಾರಿ ಹಿಡಿಯುವುದು ನನಗೆ ನಿಜಕ್ಕೂ ಬೇಸರದ ವಿಷಯ. ಏಕೆಂದರೆ ಈ ವ್ಯತ್ಯಾಸ ನಮ್ಮ ಬಾಯಲ್ಲಿ ಆಗಲೇ ಇದೆ.

ಹೋಗಬೇಕಾಯ್ತು, ಹೋಗಬೇಕಿತ್ತು. ಈ ಎರಡನ್ನೂ ಹೇಳಿ ನೋಡಿ. ‘ನಿನ್ನೆ ಬ್ಯಾಂಕಿಗೆ ಹೋಗಬೇಕಾಯ್ತು’ ಅಂದರೆ ಹೋಗಿ ಬಂದಿದ್ದೀರಿ. ‘ನಿನ್ನೆ ಬ್ಯಾಂಕಿಗೆ ಹೋಗಬೇಕಿತ್ತು’ ಅಂದರೆ ಹೋಗುವ ಕೆಲಸ ಇತ್ತು, ಹೋದಿರೋ ಇಲ್ಲವೋ ಅದು ಬೇರೆ ಮಾತು. ಮೊದಲನೆಯದು ‘ತುಬೆ ಕೆ ಇರ್ ಅಲ್ ಬಂಕೊ’. ಎರಡನೆಯದು ‘ತೆನಿಯ ಕೆ ಇರ್ ಅಲ್ ಬಂಕೊ’. ಇಲ್ಲಿ ‘ಆಯ್ತು’ ಬಂದರೆ ತುಬೆ, ‘ಇತ್ತು’ ಬಂದರೆ ತೆನಿಯ.

‘ಬೇಕು’ ಇಲ್ಲದ ವಾಕ್ಯಗಳಲ್ಲೂ ಬಹಳ ಸಲ ಇದು ನಡೆಯುತ್ತದೆ. ‘ಅವಳಿಗೆ ಮಗು ಆಯ್ತು’ ಅನ್ನಲು ‘ತುಬೊ ಉನ್ ಇಹೊ’. ‘ಅವಳಿಗೆ ಒಂದು ಮಗು ಇತ್ತು’ ಅನ್ನಲು ‘ತೆನಿಯ ಉನ್ ಇಹೊ’. ಮೊದಲನೆಯದರಲ್ಲಿ ಹೆರಿಗೆ, ಎರಡನೆಯದರಲ್ಲಿ ಆಗಲೇ ಇದ್ದ ಮಗು. ‘ಆಗ ನನಗೆ ಹತ್ತು ವರ್ಷ’ ಅನ್ನಲು ಯಾವಾಗಲೂ ‘ತೆನಿಯ ದಿಯೆಸ್ ಅನ್ಯೊಸ್’. ಕತೆ ಹೇಳುವಾಗ ವಯಸ್ಸು ಹಿನ್ನೆಲೆ, ಅಲ್ಲಿ ನಮಗೂ ‘ಇತ್ತು’ ಅನ್ನುವ ಭಾವವೇ ಬರುತ್ತದೆ.

ಆದರೆ ಕಾಲಮಿತಿ ಹೇಳಿದಾಗ ಹುಷಾರಾಗಿರಿ. ‘ಮೂರು ದಿನ ಜ್ವರ ಇತ್ತು’ ಅಂತ ನಾವು ಅನ್ನುತ್ತೇವೆ. ಸ್ಪ್ಯಾನಿಷ್‌ನಲ್ಲಿ ಇಂತಿಷ್ಟು ದಿನ ಅಂತ ಲೆಕ್ಕ ಮುಗಿದಿದ್ದರೆ ‘ತುಬೆ ಫಿಯೆಬ್ರೆ ತ್ರೆಸ್ ದಿಯಸ್’. ಇಲ್ಲಿ ನಮ್ಮ ‘ಇತ್ತು’ ನಂಬಬೇಡಿ, ದಿನಗಳ ಲೆಕ್ಕ ನಂಬಿ.

ಲಕ್ಷಣ: ರೂಪ ಸರಿ, ಕ್ರಿಯಾಪದವೇ ತಪ್ಪು

‘ಸೊಯ್ ಬೆಯಿಂತೆ ಅನ್ಯೊಸ್’, ‘ಎಸ್ತೊಯ್ ಅಂಬ್ರೆ’. ಇವು ಇಂಗ್ಲಿಷ್ ದಾರಿಯಲ್ಲಿ ಬಂದ ತಪ್ಪುಗಳು, ಅಲ್ಲಿಯ ‘ಐ ಆಮ್’ ನೋಡಿ ‘ಸೊಯ್’, ‘ಎಸ್ತೊಯ್’ ಹಾಕಿದ್ದು. ನನಗೆ ಇಪ್ಪತ್ತು ವರ್ಷ, ನನಗೆ ಹಸಿವು, ನನಗೆ ಭಯ: ಕನ್ನಡದಲ್ಲಿ ಇವೆಲ್ಲ ನಾಮಪದಗಳು, ಸ್ಪ್ಯಾನಿಷ್‌ನಲ್ಲೂ ನಾಮಪದಗಳು. ಆದ್ದರಿಂದ ಕನ್ನಡದಿಂದ ನೇರ ಹೋದರೆ ‘ತೆಂಗೊ ಬೆಯಿಂತೆ ಅನ್ಯೊಸ್’, ‘ತೆಂಗೊ ಅಂಬ್ರೆ’, ‘ತೆಂಗೊ ಮಿಯೆದೊ’. ನಾಮಪದ ಆದ್ದರಿಂದಲೇ ‘ತುಂಬಾ ಹಸಿವು’ ಅನ್ನಲು ‘ಮುಯ್ ಅಂಬ್ರೆ’ ಆಗುವುದಿಲ್ಲ, ‘ಮುಚ ಅಂಬ್ರೆ’ ಆಗುತ್ತದೆ. ನನಗೆ ಸೆಕೆ ಅನ್ನಲು ‘ತೆಂಗೊ ಕಲೊರ್’. ‘ಎಸ್ತೊಯ್ ಕಲಿಯೆಂತೆ’ ಅಂದರೆ ಕಾಮದ ಅರ್ಥ ಬರುತ್ತದೆ, ಅದನ್ನು ಬಿಟ್ಟುಬಿಡಿ.

‘ಹಸಿವಾಗ್ತಾ ಇದೆ’ ಅನ್ನುವುದನ್ನು ‘ಎಸ್ತೊಯ್ ತೆನಿಯೆಂದೊ ಅಂಬ್ರೆ’ ಮಾಡಬೇಡಿ. ‘ತೆಂಗೊ ಅಂಬ್ರೆ’ ಸಾಕು.

ಇನ್ನೆರಡು ಗಡಿ ನೋಡಿಕೊಳ್ಳಿ. ‘ಅಲ್ಲಿ ಒಂದು ಮರ ಇದೆ’ ಅನ್ನುವ ವಾಕ್ಯದಲ್ಲಿ ಒಡೆಯನೇ ಇಲ್ಲ. ಅಲ್ಲಿ ತೆನೆರ್ ಬೇಡ, ‘ಅಯ್ ಉನ್ ಅರ್ಬೊಲ್’. ‘ತಿಂದಿದ್ದೇನೆ’ ಅನ್ನಲು ‘ತೆಂಗೊ ಕೊಮಿದೊ’ ಅಲ್ಲ, ‘ಎ ಕೊಮಿದೊ’. ಆ ಕೆಲಸ ‘ಅಬೆರ್’ನದ್ದು.

ಸರಿಹೋಯಿತೇ ಅಂತ ಪರೀಕ್ಷಿಸಲು

ತೆನೆರ್ ಒಳಗಿಟ್ಟುಕೊಂಡ ಕ್ರಿಯಾಪದಗಳ ಮೇಲೆ ಪ್ರಯೋಗ ಮಾಡಿ. ‘ಮಂತೆನೆರ್’ ಕಾಪಾಡು, ‘ಒಬ್ತೆನೆರ್’ ಪಡೆ, ‘ದೆತೆನೆರ್’ ತಡೆ, ‘ಕೊಂತೆನೆರ್’ ಒಳಗೊಳ್ಳು. ಕೋಷ್ಟಕ ನೋಡದೆ ‘ಮಂತೆಂಗೊ, ಮಂತಿಯೆನೆ, ಮಂತೆನೆಮೊಸ್, ಮಂತುಬೊ, ಮಂತೆಂದ್ರೆ’ ಬಂದರೆ ಧಾತುಗಳು ನಿಮ್ಮವಾಗಿವೆ ಅಂತ ಅರ್ಥ. ‘ಒಬ್ತೆನಿ’ ಅಂತ ಬಂದರೆ ‘ತುಬೆ’ ಇನ್ನೂ ಕೂತಿಲ್ಲ, ಆ ಭಾಗಕ್ಕೆ ಮಾತ್ರ ವಾಪಸ್ ಹೋಗಿ.

ಅನುಮಾನ ಬಂದರೆ 1713ರಲ್ಲಿ ಮ್ಯಾಡ್ರಿಡ್‌ನಲ್ಲಿ ಶುರುವಾದ ರೆಯಲ್ ಅಕಾದೆಮಿಯ ಎಸ್ಪನ್ಯೊಲ ಸಂಸ್ಥೆಯ ನಿಘಂಟು ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಕ್ರಿಯಾಪದ ಹುಡುಕಿದರೆ ಎಲ್ಲ ರೂಪಗಳನ್ನೂ ತೋರಿಸುತ್ತದೆ, ‘ಬೊಸ್’ ರೂಪಗಳನ್ನೂ ಸೇರಿಸಿ.

ಕೊನೆಯದಾಗಿ ಆಜ್ಞೆಯ ರೂಪ. ‘ತೆನ್’ ಅಂದರೆ ತಗೋ, ಇಟ್ಟುಕೋ. ಬೇಡ ಅನ್ನುವಾಗ ‘ನೊ ತೆಂಗಸ್’: ‘ನೊ ತೆಂಗಸ್ ಮಿಯೆದೊ’, ಹೆದರಬೇಡ. ‘ಮಂತೆನೆರ್’ನಲ್ಲಿ ಇದು ‘ಮಂತೆನ್’, ‘ದೆತೆನೆರ್’ನಲ್ಲಿ ‘ದೆತೆನ್’. ಒತ್ತು ಕೊನೆಯಲ್ಲೇ ಇರಬೇಕಾದ್ದರಿಂದ ಬರೆಯುವಾಗ ಆ ‘ತೆ’ ಮೇಲೆ ಗೀಟು ಬರುತ್ತದೆ. ‘ದೆತೆಂತೆ’, ಅಂದರೆ ನಿಲ್ಲು ಅನ್ನುವಾಗ, ಕೊನೆಗೆ ಇನ್ನೊಂದು ಅಕ್ಷರ ಸೇರಿ ಒತ್ತು ತಾನಾಗಿಯೇ ನಡುವೆ ಬೀಳುತ್ತದೆ. ಅಲ್ಲಿ ಗೀಟು ಬೇಡ.